ಪ್ರತಿ: ಬ್ರೇನ್ ಟ್ಯೂಮರ್‌ಗೂ ಎಂಎಸ್‌ಗೂ ಏನು ಸಂಬಂಧ?

ಒಬ್ಬರೇ ನ್ಯೂರಾಲಜಿಸ್ಟ್ ಟ್ಯೂಮರ್ ಮೇಲೂ ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂಎಸ್: ದೇಹದ ರೋಗನಿರೋಧಕ ವ್ಯವಸ್ಥೆಯೇ ನರತಂತುಗಳ ಹೊದಿಕೆಯಾದ ಮಯಲಿನ್ ಅನ್ನು ಹಾಳುಮಾಡೋ ಕಾಯಿಲೆ) ಮೇಲೂ ಸಂಶೋಧನೆ ಮಾಡೋದು ಹೇಗೆ ಅಂತ ಕೇಳಿದ್ದೀರಿ. ಎರಡೂ ಮುಖಾಮುಖಿಯಾಗೋದು ಎಂಆರ್‌ಐನಲ್ಲೇ. ಎಂಎಸ್‌ನ ಮಚ್ಚೆ (ಮಿದುಳಿನಲ್ಲಿ ಹಾನಿಯಾದ ಜಾಗ) ಕೆಲವೊಮ್ಮೆ 2 ಸೆಂ.ಮೀ. ದಾಟಿ ಥೇಟ್ ಗಡ್ಡೆಯ ಹಾಗೆ ಕಾಣುತ್ತೆ. ಗ್ಯಾಡೊಲಿನಿಯಂ (ಸ್ಕ್ಯಾನ್‌ನಲ್ಲಿ ಮಚ್ಚೆ ಎದ್ದು ಕಾಣಲು ಕೊಡೋ ಔಷಧ) ಕೊಟ್ಟಾಗ ಅಂಚು ನೋಡಿ: ಪೂರ್ತಿ ಉಂಗುರವಾದರೆ ಗ್ಲಿಯೋಬ್ಲಾಸ್ಟೊಮಾ (ವೇಗವಾಗಿ ಬೆಳೆಯೋ ಮಿದುಳಿನ ಕ್ಯಾನ್ಸರ್) ಅಥವಾ ಕೀವುಗಡ್ಡೆಯ ಅನುಮಾನ, ಕುದುರೆ ಲಾಳದ ಹಾಗೆ ಒಂದು ಕಡೆ ಬಿಟ್ಟುಕೊಂಡು, ಆ ಬಾಯಿ ಕಾರ್ಟೆಕ್ಸ್ (ಮಿದುಳಿನ ಹೊರಪದರ) ಕಡೆಗಿದ್ದರೆ ಎಂಎಸ್ ಸಾಧ್ಯತೆ ಹೆಚ್ಚು. ಇದೂ ನೂರಕ್ಕೆ ನೂರಲ್ಲ. ಹಾಗಾಗಿ ಬೆನ್ನುಹುರಿಯ ಎಂಆರ್‌ಐ, ಸೊಂಟದ ಬಳಿ ಬೆನ್ನಿಗೆ ಸೂಜಿ ಹಾಕಿ ತೆಗೆದ ಮಿದುಳು-ಬೆನ್ನುಹುರಿಯ ನೀರಿನಲ್ಲಿ ಆಲಿಗೋಕ್ಲೋನಲ್ ಬ್ಯಾಂಡ್ (ಎಂಎಸ್‌ನಲ್ಲಿ ಹೆಚ್ಚಾಗಿ ಕಾಣೋ ಪ್ರತಿಕಾಯಗಳ ಗುರುತು) ಪರೀಕ್ಷೆ. (ಮಿದುಳು ಊದಿ ಪಕ್ಕಕ್ಕೆ ಸರಿದಿದ್ದರೆ ಆ ಸೂಜಿ ಅಪಾಯ.)

ಎಡವಟ್ಟಾಗೋದು ಸ್ಟೆರಾಯ್ಡ್‌ನಲ್ಲಿ. ಮಿಥೈಲ್‌ಪ್ರೆಡ್ನಿಸೊಲೋನ್ ದಿನಕ್ಕೆ 1 ಗ್ರಾಂನಂತೆ 3ರಿಂದ 5 ದಿನ ಕೊಟ್ಟರೆ ಎಂಎಸ್ ಮಚ್ಚೆ ಸಾಮಾನ್ಯವಾಗಿ ಕುಗ್ಗುತ್ತೆ. ಆದರೆ ಲಿಂಫೋಮಾ (ರೋಗನಿರೋಧಕ ಕೋಶಗಳ ಕ್ಯಾನ್ಸರ್) ಕೂಡ ಕರಗಿದ ಹಾಗೆ ಕಾಣುತ್ತೆ! ಆಮೇಲೆ ಬಯಾಪ್ಸಿ (ಚೂರು ತೆಗೆದು ಪರೀಕ್ಷೆ) ಮಾಡಿದರೆ ಗಡ್ಡೆಯ ಕೋಶ ಸಿಗದೇ ಹೋಗಬಹುದು. ಲಿಂಫೋಮಾ ಶಂಕೆ ಇದ್ದರೆ, ರೋಗಿ ಅಷ್ಟು ಕಾಯೋ ಸ್ಥಿತಿಯಲ್ಲಿದ್ದರೆ, ಸ್ಟೆರಾಯ್ಡ್‌ಗಿಂತ ಮೊದಲು ಬಯಾಪ್ಸಿ.

ಬಯಾಪ್ಸಿಯಲ್ಲೂ ಮೋಸಹೋಗಬಹುದು: ಎಂಎಸ್‌ನಲ್ಲಿ ಊದಿದ ಆಸ್ಟ್ರೋಸೈಟ್‌ಗಳು (ನರಕೋಶಗಳಿಗೆ ಆಸರೆಯಾದ ಕೋಶಗಳು) ಗ್ಲಿಯೋಮಾದ (ಇಂಥ ಆಸರೆ ಕೋಶಗಳ ಗಡ್ಡೆ) ಹಾಗೇ ಇರುತ್ತವೆ. ಆದರೆ ಎಂಎಸ್ ಆಗಿದ್ದರೆ, ಮ್ಯಾಕ್ರೋಫೇಜ್‌ಗಳನ್ನು (ಕಸ ನುಂಗೋ ರೋಗನಿರೋಧಕ ಕೋಶಗಳು) ಗುರುತಿಸೋ ಸಿಡಿ68 ಬಣ್ಣ ಹಾಕಿದಾಗ ಮಯಲಿನ್ ನುಂಗಿದ ಅವುಗಳ ದಂಡು ಎದ್ದು ಕಾಣುತ್ತೆ, ನರತಂತುಗಳು ಬಹುಪಾಲು ಉಳಿದಿರುತ್ತವೆ.

ಓದಿನ ದಾರಿ ಕೇಳಿದ್ದಕ್ಕೆ: ಎಂಬಿಬಿಎಸ್, 3 ವರ್ಷ ಎಂಡಿ, 3 ವರ್ಷ ಡಿಎಂ ನ್ಯೂರಾಲಜಿ.