ಹಲವು ಸಂಸ್ಕೃತಿಗಳ ಜನರಿರುವ ಗುಂಪಿಗೆ ಚಿಕಿತ್ಸಕಿಯಾಗುವ ಮುನ್ನ ಆ ಸಂಸ್ಕೃತಿಗಳನ್ನೆಲ್ಲ ಓದಿಕೊಂಡಿರಬೇಕೇ?

ತಾವು ಕೇಳಿರುವುದು ಇಷ್ಟು: ಆಪ್ತಸಮಾಲೋಚನೆಯಲ್ಲಿ ಸ್ನಾತಕೋತ್ತರ ಪದವಿ ಮುಗಿಸಿರುವ ತಮಗೆ, ಬೇರೆ ಬೇರೆ ಭಾಷೆ, ಧರ್ಮ, ಹಿನ್ನೆಲೆಗಳ ಜನ ಬರುವ ಮಾನಸಿಕ ಚೇತರಿಕೆ ಕೇಂದ್ರವೊಂದರಲ್ಲಿ ಗುಂಪು ಚಿಕಿತ್ಸಕಿಯ ಕೆಲಸಕ್ಕೆ ಕರೆ ಬಂದಿದೆ, ಸೇರುವ ಮೊದಲು ಆ ಸಂಸ್ಕೃತಿಗಳನ್ನೆಲ್ಲ ಓದಿಕೊಳ್ಳಬೇಕೇ, ಮತ್ತು ಕೆಲಸ ನಿಜಕ್ಕೂ ಹೇಗಿರುತ್ತದೆ? ನಾನು 11 ವರ್ಷಗಳಿಂದ ಇದೇ ಕೆಲಸದಲ್ಲಿದ್ದೇನೆ. ಓದಿಕೊಳ್ಳಿ, ಆದರೆ ಓದಿದ್ದನ್ನು ಎದುರಿಗೆ ಕುಳಿತವರ ಮೇಲೆ ಹೊರಿಸಬೇಡಿ ಎಂಬುದು ನನ್ನ ಉತ್ತರ. (ಕೆಳಗೆ ಬರುವವರ ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಮೊದಲ ವರ್ಷ ನಾನು ಮಾಡಿದ್ದು ಇದಕ್ಕೆ ತದ್ವಿರುದ್ಧ. ಒಂದೊಂದು ಸಮುದಾಯಕ್ಕೂ ಒಂದೊಂದು ಪುಟದ ಟಿಪ್ಪಣಿ ಬರೆದಿಟ್ಟುಕೊಂಡಿದ್ದೆ: ಇವರು ಮುಖ ನೋಡಿ ಮಾತನಾಡುವುದಿಲ್ಲ, ಅವರು ಮನೆಯ ವಿಷಯವನ್ನು ಹೊರಗೆ ಹೇಳುವುದಿಲ್ಲ, ಹೀಗೆ. ಒಂದು ದಿನ ಗುಂಪಿನಲ್ಲಿದ್ದ ಯುವಕನೊಬ್ಬನನ್ನು, ಎಲ್ಲ ತಿಳಿದವಳಂತೆ, "ನಿಮ್ಮಲ್ಲಿ ತಂದೆಗೆ ಎದುರು ಮಾತನಾಡುವುದು ಕಷ್ಟ ಅಲ್ಲವೇ?" ಎಂದು ಕೇಳಿದೆ. ಆತ ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿ, "ನನಗೆ ತಂದೆ ಯಾರೆಂದೇ ಗೊತ್ತಿಲ್ಲ ಮೇಡಂ, ಬೆಳೆದದ್ದು ಹಾಸ್ಟೆಲಿನಲ್ಲಿ" ಎಂದ. ಕೋಣೆಯಲ್ಲಿದ್ದ ಏಳು ಜನರೂ ನೆಲ ನೋಡಿದರು. ಆತ ಮುಂದಿನ ಎರಡು ವಾರ ಬರಲಿಲ್ಲ. ವೈದ್ಯಶಿಕ್ಷಣದ ಸಂದರ್ಭದಲ್ಲಿ ಮೆಲಾನಿ ಟರ್ವಲಾನ್ ಮತ್ತು ಜಾನ್ ಮರೇ-ಗಾರ್ಸಿಯಾ 1998ರಲ್ಲಿ ಮುಂದಿಟ್ಟ "ಸಾಂಸ್ಕೃತಿಕ ವಿನಯ" ಎಂಬ ಪರಿಕಲ್ಪನೆಯನ್ನು ನಾನು ಪರೀಕ್ಷೆಗಾಗಿ ಓದಿದ್ದೆ. ಪರರ ಸಂಸ್ಕೃತಿಯನ್ನು ಕಲಿತು ಮುಗಿಸುವುದೆಂಬುದಿಲ್ಲ, ತನ್ನ ಪೂರ್ವಗ್ರಹವನ್ನೂ ತನ್ನ ಕುರ್ಚಿಗಿರುವ ಅಧಿಕಾರವನ್ನೂ ಜೀವನಪೂರ್ತಿ ತಾನೇ ತಪಾಸಣೆ ಮಾಡಿಕೊಳ್ಳುತ್ತಿರಬೇಕು ಎಂಬ ಅದರ ತಿರುಳು ನನಗೆ ಅರ್ಥವಾದದ್ದು ಆ ಎರಡು ಖಾಲಿ ವಾರಗಳಲ್ಲಿ.

ಟಿಪ್ಪಣಿಯ ಬದಲಿಗೆ ಈಗ ನನ್ನ ಕೈಯಲ್ಲಿರುವುದು ಪ್ರಶ್ನೆಗಳು. ಅಮೆರಿಕನ್ ಸೈಕಿಯಾಟ್ರಿಕ್ ಅಸೋಸಿಯೇಷನ್ 2013ರಲ್ಲಿ ಹೊರತಂದ, ಮಾನಸಿಕ ಕಾಯಿಲೆಗಳ ರೋಗನಿರ್ಣಯದ ಡಿಎಸ್‌ಎಂ-5 ಕೈಪಿಡಿಯಲ್ಲಿ 16 ಪ್ರಶ್ನೆಗಳ ಸಾಂಸ್ಕೃತಿಕ ಸಂದರ್ಶನವೊಂದಿದೆ. ನಿಮ್ಮ ತೊಂದರೆಯನ್ನು ನಿಮ್ಮ ಮಾತಿನಲ್ಲಿ ಹೇಗೆ ಹೇಳುತ್ತೀರಿ, ಅದು ಏಕೆ ಬಂದಿತೆಂದು ನಿಮಗನ್ನಿಸುತ್ತದೆ, ಮನೆಯವರು ಏನೆನ್ನುತ್ತಾರೆ, ಇದುವರೆಗೆ ಯಾರಲ್ಲಿ ಪರಿಹಾರ ಕೇಳಿದಿರಿ ಎಂದು ಸಾಗುವ ಆ ಸಂದರ್ಶನದ ಕೊನೆಯ ಪ್ರಶ್ನೆ, ಹಿನ್ನೆಲೆ ಬೇರೆಯಾದ್ದರಿಂದ ನಾವು ನಿಮ್ಮನ್ನು ತಪ್ಪಾಗಿ ತಿಳಿದುಕೊಳ್ಳಬಹುದೆಂಬ ಅಳುಕು ಇದೆಯೇ ಎಂಬುದು. ಗುಂಪಿಗೆ ಸೇರಿಸಿಕೊಳ್ಳುವ ಮೊದಲು ಪ್ರತಿಯೊಬ್ಬರೊಡನೆ ಪ್ರತ್ಯೇಕವಾಗಿ ಕುಳಿತು ಇವನ್ನು ಕೇಳುತ್ತೇನೆ. ಹೆಚ್ಚಿನವರು ಬಾಯಿ ಬಿಡುವುದು ಆ ಕೊನೆಯ ಪ್ರಶ್ನೆಗೇ.

ಇಷ್ಟೆಲ್ಲ ಭಿನ್ನತೆ ಇರುವವರನ್ನು ಒಟ್ಟಿಗೆ ಏಕೆ ಕೂರಿಸಬೇಕು ಎಂದು ತಮಗೆ ಅನ್ನಿಸಿರಬಹುದು. ಗುಂಪು ಚಿಕಿತ್ಸೆಯ ಇತಿಹಾಸವನ್ನು ಸಾಮಾನ್ಯವಾಗಿ ಬಾಸ್ಟನ್ನಿನ ವೈದ್ಯ ಜೋಸೆಫ್ ಪ್ರಾಟ್ ಅವರಿಂದ ಆರಂಭಿಸುತ್ತಾರೆ. ಅವರು ಮನೋವೈದ್ಯರಾಗಿರಲಿಲ್ಲ, ಸ್ಯಾನಟೋರಿಯಂ (ಕ್ಷಯರೋಗಿಗಳ ಆರೋಗ್ಯಧಾಮ) ಸೇರುವ ಶಕ್ತಿಯಿಲ್ಲದ ಬಡ ಕ್ಷಯರೋಗಿಗಳಿಗೆ ವಿಶ್ರಾಂತಿ, ಗಾಳಿ, ಆಹಾರದ ಶಿಸ್ತನ್ನು ಕಲಿಸಲೆಂದು 1905ರಲ್ಲಿ ವಾರದ ತರಗತಿ ನಡೆಸಲು ತೊಡಗಿದರು. ಭಿನ್ನ ಜನಾಂಗ, ಭಿನ್ನ ಪಂಥಗಳಿಂದ ಬಂದ ಆ ರೋಗಿಗಳ ನಡುವೆ ಒಂದೇ ಕಾಯಿಲೆಯ ನಂಟಿನಿಂದ ಗೆಳೆತನ ಬೆಳೆಯುವುದನ್ನು ಅವರು ಗಮನಿಸಿ ದಾಖಲಿಸಿದರು. ಹಲವು ಸಂಸ್ಕೃತಿಗಳ ಗುಂಪು ಎಂಬುದು ಇತ್ತೀಚಿನ ಫ್ಯಾಷನ್ ಅಲ್ಲ, ಈ ವಿದ್ಯೆ ಹುಟ್ಟಿದ್ದೇ ಅಂತಹ ಕೋಣೆಯಲ್ಲಿ ಎಂಬುದು ನನಗೆ ಇಂದಿಗೂ ಧೈರ್ಯ ಕೊಡುವ ಸಂಗತಿ. ಅಮೆರಿಕದ ಮನೋವೈದ್ಯ ಇರ್ವಿನ್ ಯಾಲೊಮ್ ಗುಂಪು ಚಿಕಿತ್ಸೆಯಲ್ಲಿ ಗುರುತಿಸಿದ 11 ಚಿಕಿತ್ಸಕ ಅಂಶಗಳಲ್ಲಿ "ಈ ನೋವು ನನ್ನೊಬ್ಬನದಲ್ಲ" ಎಂಬ ಅರಿವು ಮತ್ತು ಇನ್ನೊಬ್ಬರಿಗೆ ತಾನೂ ಆಸರೆಯಾಗಬಲ್ಲೆ ಎಂಬ ಅನುಭವ, ಇವೆರಡೂ ನಮ್ಮಂತಹ ಗುಂಪುಗಳಲ್ಲಿ ಎದ್ದು ಕಾಣುತ್ತವೆ.

ಒಂದು ಉದಾಹರಣೆ ಹೇಳುತ್ತೇನೆ. ನಮ್ಮಲ್ಲಿ ಭಾವನೆಗಳ ಚಾರ್ಟ್ ಒಂದಿತ್ತು. ದುಃಖ, ಕೋಪ, ಭಯ, ಒಂಟಿತನ ಎಂದು ಪುಟ್ಟ ಮುಖಗಳ ಕೆಳಗೆ ಬರೆದದ್ದು. ನಡುವಯಸ್ಸಿನ ಮಹಿಳೆಯೊಬ್ಬರು ಅದನ್ನು ಬಹಳ ಹೊತ್ತು ನೋಡಿ, "ಇದರಲ್ಲಿ ನನ್ನದು ಇಲ್ಲ" ಎಂದರು. ಹಾಗಾದರೆ ಏನನ್ನಿಸುತ್ತದೆ ಎಂದು ಕೇಳಿದ್ದಕ್ಕೆ, ನೀರಿನಿಂದ ಎತ್ತಿ ಹಿಂಡದೆ ಹೆಗಲ ಮೇಲೆ ಹಾಕಿದ ಬಟ್ಟೆಯ ಹಾಗೆ ಮೈ ಇದೆ ಎಂದರು. "ಅಂದರೆ ಖಿನ್ನತೆ" ಎಂದು ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಅವರ ಭಾಷೆಯೂ ಧರ್ಮವೂ ಅಲ್ಲದ ಇನ್ನೊಬ್ಬರು, "ನನಗೆ ಬೆಳಿಗ್ಗೆ ಮಾತ್ರ ಹಾಗಾಗುತ್ತದೆ, ನಿಮಗೆ ಇಡೀ ದಿನವೇ?" ಎಂದು ಕೇಳಿಬಿಟ್ಟರು. ಅಲ್ಲಿಂದ ಇಪ್ಪತ್ತು ನಿಮಿಷ ನನಗೆ ಕೆಲಸವಿರಲಿಲ್ಲ. ಆ ಚಾರ್ಟನ್ನು ಅಂದೇ ತೆಗೆದು, ಖಾಲಿ ಹಾಳೆಯೊಂದನ್ನು ಗೋಡೆಗೆ ಅಂಟಿಸಿದೆವು. ಸದಸ್ಯರು ತಂತಮ್ಮ ಭಾಷೆಯಲ್ಲಿ ತಮ್ಮ ಸಂಕಟಕ್ಕಿರುವ ಹೆಸರನ್ನು ಅದರ ಮೇಲೆ ಬರೆಯುತ್ತಾರೆ. ರೋಗನಿರ್ಣಯದ ಹೆಸರುಗಳು ಬೇಡವೆಂದು ಹೇಳುತ್ತಿಲ್ಲ, ಅವು ವೈದ್ಯರ ಕಡತಕ್ಕೆ ಬೇಕೇ ಬೇಕು. ಆದರೆ ಗುಂಪಿನಲ್ಲಿ ಅವನ್ನು ಬೇಗನೆ ಆಡಿದರೆ ಮಾತು ಅಲ್ಲಿಗೇ ನಿಂತುಹೋಗುತ್ತದೆ.

ಭಾಷೆಯ ವಿಷಯಕ್ಕೆ ಬಂದರೆ, ದುಭಾಷಿಯೊಡನೆ ಕೆಲಸ ಮಾಡುವುದನ್ನು ಯಾವ ಕೋರ್ಸೂ ಸರಿಯಾಗಿ ಕಲಿಸುವುದಿಲ್ಲ ಎಂಬುದು ನನ್ನ ದೂರು. ಒಬ್ಬರು ಕಣ್ಣೊರೆಸಿಕೊಳ್ಳುತ್ತ ಮೂರು ನಿಮಿಷ ಮಾತನಾಡಿದ್ದನ್ನು ದುಭಾಷಿ "ಅವರಿಗೆ ಬೇಸರವಾಗಿದೆಯಂತೆ" ಎಂದು ಮುಗಿಸಿದ್ದನ್ನು ನಾನು ಕಂಡಿದ್ದೇನೆ. ಅದು ದುಭಾಷಿಯ ತಪ್ಪಲ್ಲ, ಮೊದಲೇ ಹೇಳಿಕೊಡದ ನನ್ನದು. ಈಗ ಸೆಷನ್ನಿಗೆ ಹತ್ತು ನಿಮಿಷ ಮುಂಚೆ ಅವರೊಡನೆ ಕುಳಿತು, "ಅವರು" ಎನ್ನದೆ "ನಾನು" ಎಂದೇ ಅನುವಾದಿಸಿ, ಅರ್ಥವಾಗದ ಉಪಮೆಯನ್ನು ಹಾಗೆಯೇ ಹೇಳಿ, ಸರಿಪಡಿಸಬೇಡಿ ಎಂದು ಕೇಳಿಕೊಳ್ಳುತ್ತೇನೆ. ಮುಗಿದ ಮೇಲೂ ಐದು ನಿಮಿಷ ಅವರಿಗೆಂದೇ ಇಡುತ್ತೇನೆ, ಏಕೆಂದರೆ ಕೇಳಿದ್ದನ್ನೆಲ್ಲ ಅವರೂ ಮನೆಗೆ ಹೊತ್ತುಕೊಂಡು ಹೋಗುತ್ತಾರೆ. ಮನೆಯವರನ್ನು, ಅದರಲ್ಲೂ ಮಕ್ಕಳನ್ನು, ದುಭಾಷಿಯಾಗಿ ಕೂರಿಸಲೇಬೇಡಿ. 90 ನಿಮಿಷದ ಸೆಷನ್ನಿನಲ್ಲಿ ಅರ್ಧದಷ್ಟು ಕಾಲ ಅನುವಾದಕ್ಕೇ ಹೋಗುವುದರಿಂದ, ಎಂಟು ಜನರ ಬದಲು ಐದಾರು ಜನರ ಗುಂಪೇ ಲೇಸು.

ಗುಂಪನ್ನು ಕಟ್ಟುವಾಗ ಯಾರನ್ನು ಯಾರೊಡನೆ ಕೂರಿಸಬೇಕು ಎಂಬುದು ಇದಕ್ಕಿಂತ ಸೂಕ್ಷ್ಮ. ಒಂದು ಸಮುದಾಯದಿಂದ ಒಬ್ಬರೇ ಇದ್ದರೆ, ಉಳಿದವರು ತಿಳಿಯದೆಯೇ ಅವರನ್ನು ಆ ಸಮುದಾಯದ ವಕ್ತಾರರನ್ನಾಗಿ ಮಾಡಿಬಿಡುತ್ತಾರೆ. ಇಬ್ಬರಿದ್ದರೆ ಆ ಭಾರ ಇಳಿಯುತ್ತದೆಂದು ನಾನು ಬಹುಕಾಲ ನಂಬಿದ್ದೆ. ಹಿರಿಯರೊಬ್ಬರು ಆರು ವಾರ ತುಟಿ ಬಿಚ್ಚದೆ ಕುಳಿತಾಗ ನನ್ನ ಟಿಪ್ಪಣಿಯಲ್ಲಿ "ಪ್ರತಿರೋಧ", ಅಂದರೆ ಚಿಕಿತ್ಸೆಗೆ ಮನಸ್ಸು ಒಡ್ಡುವ ಅಡ್ಡಿ, ಎಂದು ಬರೆದೆ. ನನ್ನ ಸೂಪರ್‌ವೈಸರ್, ಅಂದರೆ ನನ್ನ ಕೆಲಸವನ್ನು ಪರಿಶೀಲಿಸಿ ದಾರಿ ತೋರುವ ಹಿರಿಯ ಚಿಕಿತ್ಸಕರು, ಅದನ್ನು ಓದಿ, "ಅವರು ಯಾರ ಎದುರು ಸುಮ್ಮನಿದ್ದಾರೆ?" ಎಂದು ಮಾತ್ರ ಕೇಳಿದರು. ಪ್ರತ್ಯೇಕವಾಗಿ ವಿಚಾರಿಸಿದಾಗ ತಿಳಿಯಿತು: ಗುಂಪಿನಲ್ಲಿದ್ದ ಅವರದೇ ಸಮುದಾಯದ ಕಿರಿಯನೊಬ್ಬನ ಬಂಧುಗಳು ಇವರಿಗೆ ಪರಿಚಿತರು, ತಾನು ಆಡಿದ ಮಾತು ಮನೆ ತಲುಪಿದರೆ ಮಗಳ ಮದುವೆಗೆ ತೊಡಕಾದೀತೆಂಬ ಭಯ. ಗೌಪ್ಯತೆಯ ಕರಾರಿಗೆ ಎಲ್ಲರೂ ಸಹಿ ಹಾಕಿದ್ದರು, ನಿಜ. ಆದರೆ ಎಲ್ಲರೂ ಎಲ್ಲರನ್ನೂ ಬಲ್ಲ ಸಣ್ಣ ಸಮುದಾಯದಲ್ಲಿ ಕಾಗದದ ಸಹಿಗೆ ಎಷ್ಟು ಬೆಲೆ ಎಂಬುದು ನನಗಿಂತ ಅವರಿಗೆ ಚೆನ್ನಾಗಿ ಗೊತ್ತಿತ್ತು. ಅವರನ್ನು ಬೇರೆ ಗುಂಪಿಗೆ ಸೇರಿಸಿದೆವು. ಅಲ್ಲಿ ಎರಡನೆಯ ವಾರವೇ ಮಾತನಾಡಿದರು.

ಗುಂಪಿನಲ್ಲಿ ಒಬ್ಬರು ಇನ್ನೊಬ್ಬರ ಜನರ ಬಗ್ಗೆ ಚುಚ್ಚುಮಾತು ಆಡಿದರೆ ಏನು ಮಾಡಬೇಕೆಂಬುದನ್ನು ತಾವು ಮೊದಲೇ ನಿರ್ಧರಿಸಿಕೊಂಡಿರಬೇಕು, ಏಕೆಂದರೆ ಆ ಗಳಿಗೆಯಲ್ಲಿ ಯೋಚಿಸಲು ಸಮಯ ಇರುವುದಿಲ್ಲ. ನಾನು ಮಾತನ್ನು ಅಲ್ಲೇ ತಡೆಯುತ್ತೇನೆ. ಚಿಕಿತ್ಸಕಿ ಸುಮ್ಮನಿದ್ದರೆ ನೊಂದವರು ಅದನ್ನು ಸಮ್ಮತಿಯೆಂದೇ ತಿಳಿಯುತ್ತಾರೆ. ಆದರೆ ನೊಂದವರತ್ತ ತಿರುಗಿ "ನಿಮಗೆ ಏನನ್ನಿಸಿತು, ಹೇಳಿ" ಎಂದು ಒತ್ತಾಯಿಸುವುದೂ ತಪ್ಪು; ಪೆಟ್ಟು ತಿಂದವರೇ ಪಾಠವನ್ನೂ ಹೇಳಬೇಕೆಂದ ಹಾಗಾಗುತ್ತದೆ. ಆ ಮಾತು ಕೋಣೆಯಲ್ಲಿ ಏನು ಮಾಡಿತೆಂದು ನಾನೇ ಹೇಳುತ್ತೇನೆ, ಬೇಕೆನಿಸಿದವರು ಮಾತನಾಡಲು ಬಿಡುತ್ತೇನೆ, ಆಡಿದವರನ್ನು ಹೊರಹಾಕದೆ ಅದೇ ಸೆಷನ್ನಿನಲ್ಲಿ ಅವರ ಬಳಿಗೂ ಮರಳುತ್ತೇನೆ.

ಚೇತರಿಕೆ ಎಂಬ ಪದದ ಬಗ್ಗೆಯೂ ಒಂದು ಮಾತು. ರೋಗಲಕ್ಷಣಗಳು ಪೂರ್ತಿ ಹೋಗದಿದ್ದರೂ ಭರವಸೆಯಿಂದ, ತೃಪ್ತಿಯಿಂದ, ಇತರರಿಗೆ ಉಪಯುಕ್ತವಾಗಿ ಬಾಳುವುದನ್ನೇ ಚೇತರಿಕೆ ಎನ್ನಬೇಕೆಂದು ಮಾನಸಿಕ ಪುನರ್ವಸತಿ ತಜ್ಞ ವಿಲಿಯಂ ಆಂಥನಿ 1993ರಲ್ಲಿ ಬರೆದದ್ದು ಈ ಕ್ಷೇತ್ರದ ದಿಕ್ಕನ್ನೇ ಬದಲಿಸಿತು. ಆದರೆ ಆ ಬಾಳು ಹೇಗಿರಬೇಕೆಂಬುದು ನಾವು ಬಳಸುವ ನಮೂನೆಗಳಲ್ಲಿ ಮೊದಲೇ ಅಚ್ಚಾಗಿರುತ್ತದೆ. ನಮ್ಮ ನಮೂನೆಯಲ್ಲಿ "ಸ್ವತಂತ್ರವಾಗಿ ಒಬ್ಬರೇ ವಾಸಿಸುವುದು" ಎಂಬ ಗುರಿಗೆ ಹೆಚ್ಚಿನ ಅಂಕ ಇತ್ತು. ಸ್ಕಿಜೋಫ್ರೇನಿಯಾದಿಂದ ಚೇತರಿಸಿಕೊಳ್ಳುತ್ತಿದ್ದ ಒಬ್ಬರು ಅದನ್ನು ಓದಿ, "ನಾನು ಹುಷಾರಾದರೆ ನನ್ನನ್ನು ಒಂಟಿಯಾಗಿ ಬಿಡುತ್ತೀರಾ?" ಎಂದು ಗಾಬರಿಯಿಂದ ಕೇಳಿದರು. ತಮ್ಮನ ಮಕ್ಕಳನ್ನು ಶಾಲೆಗೆ ಬಿಟ್ಟುಬರುವ ಹೊಣೆ ಮತ್ತೆ ತಮಗೆ ಸಿಗಬೇಕು ಎಂಬುದು ಅವರ ಗುರಿಯಾಗಿತ್ತು. ಅದಕ್ಕೆ ನಮೂನೆಯಲ್ಲಿ ಜಾಗವಿರಲಿಲ್ಲ. ಅಂಚಿನಲ್ಲಿ ಕೈಯಿಂದ ಬರೆದೆ.

ನಂಬಿಕೆಗಳ ಬಗ್ಗೆ ಚಿಕ್ಕದಾಗಿ ಹೇಳುವುದಾದರೆ, ಕಿವಿಗೆ ಕೇಳುವ ದನಿ ಗತಿಸಿದ ಹಿರಿಯರದು ಎನ್ನುವವರೊಡನೆ ನಾನು ವಾದಕ್ಕಿಳಿಯುವುದಿಲ್ಲ, ಪ್ರಾರ್ಥನೆ ಮತ್ತು ಮಾತ್ರೆ ಎರಡೂ ಜೊತೆಯಾಗಿ ನಡೆಯಲೆಂದು ಬಯಸುತ್ತೇನೆ. ಆ ದನಿ ಅಪಾಯದ ಕೆಲಸ ಮಾಡು ಎಂದರೆ, ಅಥವಾ ಯಾರಾದರೂ ಔಷಧಿ ನಿಲ್ಲಿಸಿದ್ದಾರೆಂದು ತಿಳಿದರೆ, ಅದೇ ದಿನ ಮನೋವೈದ್ಯರಿಗೆ ತಿಳಿಸುತ್ತೇನೆ. ಮನೆಯಲ್ಲಿ ಹೊಡೆತ ತಿನ್ನುವವರ ವಿಷಯದಲ್ಲಿ "ಅದು ಅವರ ಸಂಸ್ಕೃತಿ" ಎಂಬ ಮಾತಿಗೆ ನನ್ನ ಗುಂಪಿನಲ್ಲಿ ಎಡೆಯಿಲ್ಲ.

ಆದ್ದರಿಂದ ಸೇರುವ ಮುನ್ನ ಆ ಕೇಂದ್ರದವರನ್ನು ಕೆಲವು ಪ್ರಶ್ನೆ ಕೇಳಿ: ಜೊತೆಗೆ ಕೂರುವ ಸಹ-ಚಿಕಿತ್ಸಕರು ಇರುತ್ತಾರೆಯೇ, ಸಾಧ್ಯವಾದರೆ ತಮ್ಮದಲ್ಲದ ಹಿನ್ನೆಲೆಯವರು, ದುಭಾಷಿಗೆ ಸಂಬಳ ಕೊಡುತ್ತಾರೆಯೇ, ಇಲ್ಲವೇ ಸಮಯಕ್ಕೆ ಸಿಕ್ಕವರನ್ನು ಕರೆಯುತ್ತಾರೆಯೇ, ಮೊದಲ ಮೂರ‍್ನಾಲ್ಕು ಸೆಷನ್‌ಗಳಲ್ಲಿ ಸುಮ್ಮನೆ ಕುಳಿತು ನೋಡಲು ಬಿಡುತ್ತಾರೆಯೇ, ವಾರಕ್ಕೊಮ್ಮೆ ಸೂಪರ್‌ವಿಷನ್ ಇದೆಯೇ. ಉಳಿದವಕ್ಕೆ "ಇಲ್ಲ" ಎಂದರೂ ಹೇಗೋ ನಿಭಾಯಿಸಬಹುದು. ಕೊನೆಯದಕ್ಕೆ "ಇಲ್ಲ" ಎಂದರೆ, ಸಂಬಳ ಎಷ್ಟೇ ಚೆನ್ನಾಗಿರಲಿ, ಆ ಕೆಲಸ ಒಪ್ಪಿಕೊಳ್ಳಬೇಡಿ.