ಎರಡೂವರೆ ಮತ್ತು ನಾಲ್ಕೂವರೆ ವರ್ಷದ ಮಕ್ಕಳೊಂದಿಗೆ ಹಾಸನದಿಂದ ಒಂದು ರಾತ್ರಿಯ ಥೀಮ್ ಪಾರ್ಕ್ ಪ್ರವಾಸ: ಬಿಡದಿಯೋ, ಮೈಸೂರೋ?

ಮೈಸೂರು, ಅಲ್ಲಿನ ಜಿಆರ್‌ಎಸ್ ಫ್ಯಾಂಟಸಿ ಪಾರ್ಕ್. ಬಿಡದಿಯ ವಂಡರ್‌ಲಾ ಪಾರ್ಕ್ ಇನ್ನೂ ಮೂರು ನಾಲ್ಕು ವರ್ಷ ಕಾಯಲಿ, ಅದು ಎಲ್ಲಿಗೂ ಓಡಿಹೋಗುವುದಿಲ್ಲ.

ನೀವು ಬರೆದಿರುವುದು ಇಷ್ಟು: ಹಾಸನದಲ್ಲಿ ಮನೆ, ಎರಡೂವರೆ ವರ್ಷದ ಮಗಳು, ನಾಲ್ಕೂವರೆ ವರ್ಷದ ಮಗ, ಜೊತೆಗೆ ಮಂಡಿನೋವಿನ ಅತ್ತೆ, ಸಿಗುವುದು ಒಂದೇ ರಾತ್ರಿ. ವಂಡರ್‌ಲಾ ದೊಡ್ಡದು, ಕೊಟ್ಟ ದುಡ್ಡಿಗೆ ಮೋಸವಿಲ್ಲ ಎಂದು ನಿಮ್ಮ ಯಜಮಾನರು ಹೇಳುತ್ತಿದ್ದಾರೆ. ದೊಡ್ಡದು ನಿಜ, 82 ಎಕರೆ. ಆದರೆ ಆ 82 ಎಕರೆಯನ್ನು ನಡೆಯಬೇಕಾದವರು ಯಾರು? ಮಗಳು ಅರ್ಧ ದಾರಿಯಲ್ಲಿ ಎತ್ತಿಕೋ ಎನ್ನುತ್ತಾಳೆ, ಅತ್ತೆ ಬಾಯಿಬಿಟ್ಟು ಏನೂ ಹೇಳುವುದಿಲ್ಲ, ರಾತ್ರಿ ಮಾತ್ರ ಮಂಡಿಗೆ ಎಣ್ಣೆ ಹಚ್ಚಿಕೊಳ್ಳುತ್ತಾರೆ.

ಈ ಪಾರ್ಕುಗಳಲ್ಲಿ ನಡೆಯುವುದು ಎತ್ತರದ ಲೆಕ್ಕ. ವಂಡರ್‌ಲಾದಲ್ಲಿ ಮಕ್ಕಳ ಟಿಕೆಟ್ ತೀರ್ಮಾನವಾಗುವುದೂ ವಯಸ್ಸಿನಿಂದಲ್ಲ, ಎತ್ತರದಿಂದ; 85 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ಉಚಿತ. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯ ಪ್ರಕಾರ ಎರಡೂವರೆ ವರ್ಷದ ಹೆಣ್ಣುಮಗುವಿನ ಎತ್ತರ ಸುಮಾರು 91 ಸೆಂಟಿಮೀಟರ್, ನಾಲ್ಕೂವರೆ ವರ್ಷದ ಗಂಡುಮಗುವಿನದು ಸುಮಾರು 107. ನಿಮ್ಮ ಮಕ್ಕಳೂ ಇದರ ಆಸುಪಾಸಿನಲ್ಲಿದ್ದರೆ ಇಬ್ಬರಿಗೂ ಟಿಕೆಟ್ ತೆಗೆಯಬೇಕು, ಆದರೂ ಆ ಪಾರ್ಕಿಗೆ ಹೆಸರು ತಂದುಕೊಟ್ಟ ಯಾವ ಸವಾರಿಗೂ ಇಬ್ಬರನ್ನೂ ಬಿಡುವುದಿಲ್ಲ. ದೊಡ್ಡವರು ಸವಾರಿ ಮಾಡದೆ ನೆರಳಿನಲ್ಲಿ ಕುಳಿತರೂ ಟಿಕೆಟ್ ಟಿಕೆಟ್ಟೇ. ದುಡ್ಡಿಗೆ ಮೋಸವಿಲ್ಲ ಎನ್ನುವವರು ಈ ಲೆಕ್ಕವನ್ನು ಒಮ್ಮೆ ಹಾಕಿ ನೋಡಲಿ. ಇವತ್ತೇ ಇಬ್ಬರನ್ನೂ ಗೋಡೆಗೆ ನಿಲ್ಲಿಸಿ ಪೆನ್ಸಿಲ್ ಗೆರೆ ಎಳೆದು ಅಳತೆ ಬರೆದಿಟ್ಟುಕೊಳ್ಳಿ. ಯಾವ ಪಾರ್ಕಿಗೆ ಹೋದರೂ ಸರದಿಯಲ್ಲಿ ಅರ್ಧ ಗಂಟೆ ನಿಂತ ಮೇಲೆ ಅಳತೆಗೋಲಿನ ಮುಂದೆ ಮಗ ಅಳುವುದು ತಪ್ಪುತ್ತದೆ.

ಇನ್ನು ದಾರಿ. ಹಾಸನದಿಂದ ಬಿಡದಿಗೆ ಚನ್ನರಾಯಪಟ್ಟಣ, ಬೆಳ್ಳೂರು ಕ್ರಾಸ್, ಕುಣಿಗಲ್ ದಾಟಿ ಮಾಗಡಿಯ ಕಡೆಯಿಂದ ಇಳಿಯಬೇಕು. ಮಕ್ಕಳ ಮೂತ್ರ, ವಾಂತಿ, ಬಿಸ್ಕತ್ತು ಎಲ್ಲ ಸೇರಿಸಿದರೆ ನಾಲ್ಕು ಗಂಟೆಗೆ ಕಡಿಮೆಯಿಲ್ಲ. ಮೈಸೂರು ಹೊಳೆನರಸೀಪುರ, ಕೆ.ಆರ್. ನಗರದ ಮೇಲೆ ಸುಮಾರು 120 ಕಿಲೋಮೀಟರ್. ಒಂದು ಕಡೆ ನಿಲ್ಲಿಸಿಕೊಂಡು ಹೋದರೂ ಮೂರು ಗಂಟೆ. ಈ ಮೂರು ಗಂಟೆ ಬಹಳ ಬೆಲೆಯುಳ್ಳದ್ದು, ಏಕೆಂದರೆ ಅದು ನಿಮ್ಮ ಮಗಳ ಮಧ್ಯಾಹ್ನದ ನಿದ್ದೆಗೆ ಸರಿಹೊಂದುತ್ತದೆ. ಈ ವಯಸ್ಸಿನ ಪ್ರವಾಸದಲ್ಲಿ ಗಡಿಯಾರ ಇರುವುದು ಪಾರ್ಕಿನ ಗೇಟಿನಲ್ಲಲ್ಲ, ಮಕ್ಕಳ ಕಣ್ಣಿನಲ್ಲಿ. ಒಂದೆರಡು ವರ್ಷದ ಮಗುವಿಗೆ ಹಗಲು ನಿದ್ದೆ ಸೇರಿ ದಿನಕ್ಕೆ 11ರಿಂದ 14 ಗಂಟೆ, ಮೂರರಿಂದ ಐದು ವರ್ಷದ ಮಗುವಿಗೆ 10ರಿಂದ 13 ಗಂಟೆ ನಿದ್ದೆ ಬೇಕು ಎನ್ನುತ್ತಾರೆ ವೈದ್ಯರು. ಆ ನಿದ್ದೆಯನ್ನು ಪಾರ್ಕಿನ ಗದ್ದಲದ ನಡುವೆ ಹೊಂದಿಸಲು ಹೋಗಬೇಡಿ, ಕಾರಿನಲ್ಲಿ ಹೊಂದಿಸಿ. ನನ್ನ ಇಡೀ ಸಲಹೆ ನಿಂತಿರುವುದು ಇದರ ಮೇಲೆಯೇ.

ಹೀಗೆ ಮಾಡಿ. ಭಾನುವಾರ ಮನೆಯಲ್ಲೇ ಊಟ ಮುಗಿಸಿ ಒಂದೂವರೆ ಎರಡಕ್ಕೆ ಹೊರಡಿ. ಹೊಳೆನರಸೀಪುರ ಬರುವ ಮುಂಚೆ ಮಗಳು ಮಲಗಿರುತ್ತಾಳೆ. ಮಗನೂ ಒರಗಿದರೆ ನಿಮ್ಮ ಅದೃಷ್ಟ. ಕೆ.ಆರ್. ನಗರದಲ್ಲಿ ಕಾಫಿ. ಐದರ ಹೊತ್ತಿಗೆ ಮೈಸೂರು. ಯಲವಾಲದ ಕಡೆಯಿಂದ ಬಂದು ವರ್ತುಲ ರಸ್ತೆ ಹಿಡಿದರೆ ಊರೊಳಗೆ ಹೋಗದೆ ಕೆಆರ್‌ಎಸ್ ರಸ್ತೆ ಸೇರಬಹುದು. ಜಿಆರ್‌ಎಸ್ ಫ್ಯಾಂಟಸಿ ಪಾರ್ಕ್ ಇರುವುದು ಅದೇ ರಸ್ತೆಯಲ್ಲಿ, ಮೇಟಗಳ್ಳಿಯ ಬಳಿ. ಹಾಗಾಗಿ ರೂಮನ್ನು ಯಾದವಗಿರಿ, ಒಂಟಿಕೊಪ್ಪಲು, ಮೇಟಗಳ್ಳಿ ಕಡೆ ನೋಡಿ. ಅರಮನೆಯ ಎದುರೇ ಇರಬೇಕು ಎಂಬ ಹಟ ಬೇಡ.

ಭಾನುವಾರ ಏಕೆಂದರೆ ಅಂದು ಸಂಜೆ ಏಳಕ್ಕೆ ಅರಮನೆಗೆ ದೀಪ ಹಾಕುತ್ತಾರೆ. ಸರ್ಕಾರಿ ರಜೆಯ ದಿನಗಳಲ್ಲೂ ಉಂಟು. ಲಕ್ಷದ ಹತ್ತಿರ ಬಲ್ಬುಗಳು ಒಂದೇ ಸಲಕ್ಕೆ ಹೊತ್ತಿಕೊಳ್ಳುವುದನ್ನು ನೋಡಿದ ನಾಲ್ಕೂವರೆ ವರ್ಷದವನಿಗೆ ಮರುದಿನದ ಯಾವ ಸವಾರಿಯೂ ಅದಕ್ಕಿಂತ ದೊಡ್ಡದಾಗಿ ಕಾಣದೇ ಹೋಗಬಹುದು. ಅತ್ತೆಯವರಿಗೂ ಅದು ಸಲ್ಲುವ ಸಂಜೆ. ನೋಡಿ, ಇಡ್ಲಿಯೋ ಮೊಸರನ್ನವೋ ತಿನ್ನಿಸಿ ಎಂಟೂವರೆಗೆ ರೂಮಿಗೆ ಬಂದುಬಿಡಿ. ಬೃಂದಾವನದ ಕಾರಂಜಿಯನ್ನೂ ಅದೇ ಸಂಜೆಗೆ ತುರುಕಬೇಕು ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಅಲ್ಲಿನ ನಡಿಗೆ, ಜನಜಂಗುಳಿ, ಕತ್ತಲು, ಹಿಂದಿರುಗುವ ವಾಹನಗಳ ಸಾಲು ಎಲ್ಲವೂ ಸಣ್ಣ ಮಕ್ಕಳಿಗೆ ವಿರುದ್ಧ.

ಸೋಮವಾರ ಪಾರ್ಕು ತೆರೆಯುವ ಹೊತ್ತಿಗೆ ಬಾಗಿಲಲ್ಲಿರಿ. ಬೆಳಗ್ಗೆ ಸಮಯ ಉಳಿದರೆ ಅದೇ ರಸ್ತೆಯಲ್ಲಿ ರೈಲ್ವೆ ನಿಲ್ದಾಣದ ಪಕ್ಕ ರೈಲು ವಸ್ತುಸಂಗ್ರಹಾಲಯವಿದೆ, ಮಕ್ಕಳ ಪುಟ್ಟ ರೈಲೂ ಇದೆ. ಅಂದು ತೆರೆದಿದೆಯೇ ಎಂದು ರೂಮಿನವರನ್ನು ಕೇಳಿಕೊಳ್ಳಿ. ಪಾರ್ಕಿನೊಳಗೆ ಒಣ ಸವಾರಿ ಮೊದಲು, ನೀರು ಆಮೇಲೆ. ಒಮ್ಮೆ ಒದ್ದೆಯಾದ ಮಗುವನ್ನು ಒರೆಸಿ, ಬಟ್ಟೆ ಬದಲಿಸಿ, ಮತ್ತೆ ಒಣ ಆಟಕ್ಕೆ ಒಪ್ಪಿಸುವುದು ಆಗದ ಮಾತು. ಮಗಳಿಗೆ ತಿರುಗುವ ಕುದುರೆ, ಪುಟ್ಟ ರೈಲು, ಕಾಲು ಮುಳುಗುವಷ್ಟು ನೀರು ಸಾಕೋ ಸಾಕು. ಒಂದೇ ಸವಾರಿಯನ್ನು ಐದು ಸಲ ಬೇಕು ಎನ್ನುತ್ತಾಳೆ, ಹತ್ತಿಸಿ. ಎಲ್ಲವನ್ನೂ ಮುಗಿಸಬೇಕು ಎಂಬ ಹಪಾಹಪಿ ದೊಡ್ಡವರದು. ಒಂದೂವರೆಗೆ ಊಟ, ಎರಡೂವರೆಗೆ ಕಾರು. ನೀರಾಡಿದ ಮಕ್ಕಳು ವರ್ತುಲ ರಸ್ತೆ ಸೇರುವಷ್ಟರಲ್ಲಿ ಮಲಗುತ್ತಾರೆ, ಕತ್ತಲಾಗುವ ಮುಂಚೆ ನೀವು ಹಾಸನದಲ್ಲಿರುತ್ತೀರಿ. ರೂಮನ್ನು ಬೆಳಗ್ಗೆಯೇ ಖಾಲಿ ಮಾಡಿ ಸಾಮಾನನ್ನು ಡಿಕ್ಕಿಗೆ ಹಾಕಿಕೊಂಡಿರಿ, ಹನ್ನೆರಡು ಗಂಟೆಯ ಗಡುವಿಗೆ ಓಡಬೇಕಾಗಿಲ್ಲ.

ಇದರೊಳಗೆ ಮೃಗಾಲಯ ಎಲ್ಲಿ ಎಂದು ಕೇಳುತ್ತೀರಿ. ಇಲ್ಲ. ಚಾಮರಾಜೇಂದ್ರ ಮೃಗಾಲಯ ಒಂದು ಪೂರ್ತಿ ಬೆಳಗಿನ ನಡಿಗೆ. ಬ್ಯಾಟರಿ ವಾಹನ ಉಂಟಾದರೂ ಮಕ್ಕಳು ಪ್ರತಿ ಪಂಜರದ ಮುಂದೆ ಇಳಿಯಬೇಕು ಎನ್ನುತ್ತಾರೆ. ಪಾರ್ಕು ಅಥವಾ ಮೃಗಾಲಯ, ಎರಡರಲ್ಲಿ ಒಂದು. ನಿಜ ಹೇಳಬೇಕೆಂದರೆ ಮಗಳ ವಯಸ್ಸಿಗೆ ಆನೆ, ಜಿರಾಫೆಯೇ ಹೆಚ್ಚು. ಪಾರ್ಕು ಬೇಕಾಗಿರುವುದು ಮಗನಿಗೆ, ಮಗನಿಗಿಂತ ಹೆಚ್ಚಾಗಿ ಅವರಪ್ಪನಿಗೆ ಎಂದು ನಿಮ್ಮ ಪ್ರಶ್ನೆ ಓದಿದರೆ ಅನ್ನಿಸುತ್ತದೆ. ಮೃಗಾಲಯವನ್ನೇ ಆರಿಸಿದರೆ ಮಂಗಳವಾರ ಬೇಡ, ಅಂದು ರಜೆ. ಕಾರಂಜಿ ಕೆರೆಗೂ ಅಂದೇ ರಜೆ.

ಯಾವ ತಿಂಗಳು? ಏಪ್ರಿಲ್, ಮೇ ಬಿಡಿ, ಬಿಸಿಲೂ ಜನವೂ ಎರಡೂ ಜಾಸ್ತಿ. ನವೆಂಬರಿನಿಂದ ಜನವರಿವರೆಗೆ ವಾರದ ದಿನ ಖಾಲಿಯಿರುತ್ತದೆ ಎಂದು ನಂಬಬೇಡಿ. ಅದು ಶಾಲಾ ಪ್ರವಾಸದ ಕಾಲ, ಬಸ್ಸುಗಟ್ಟಲೆ ಮಕ್ಕಳು ಇಳಿಯುತ್ತಾರೆ. ಜೊತೆಗೆ ಚಳಿ. ಸಣ್ಣ ಮಕ್ಕಳ ಮೈ ತೂಕಕ್ಕೆ ಹೋಲಿಸಿದರೆ ಚರ್ಮದ ಹರವು ಹೆಚ್ಚು, ಒದ್ದೆಯಾದರೆ ದೊಡ್ಡವರಿಗಿಂತ ಬೇಗ ತಣ್ಣಗಾಗುತ್ತಾರೆ. ದಸರಾ ಸಮಯದಲ್ಲಿ ಮೈಸೂರಿನಲ್ಲಿ ರೂಮು ಸಿಗುವುದೇ ಕಷ್ಟ. ಅದು ಮುಗಿದರೆ ನಮ್ಮೂರಿನಲ್ಲಿ ಹಾಸನಾಂಬೆಯ ಬಾಗಿಲು ತೆರೆಯುತ್ತದೆ. ಆ ದಿನಗಳಲ್ಲಿ ಹಾಸನ ಬಿಟ್ಟು ಹೊರಡುವುದಿರಲಿ, ನೆಂಟರು ಮನೆ ತುಂಬಿರುತ್ತಾರೆ. ನನಗೆ ಇಷ್ಟವಾದದ್ದು ಶಾಲೆ ಶುರುವಾದ ಮೇಲಿನ ಜೂನ್ ಕೊನೆ, ಆಗಸ್ಟ್, ಸೆಪ್ಟೆಂಬರ್. ಸಕಲೇಶಪುರದಲ್ಲಿ ಸುರಿಯುವ ಮಳೆ ಮೈಸೂರಿನಲ್ಲಿ ಇರುವುದಿಲ್ಲ. ಚಿಕ್ಕಮಗಳೂರಿನ ನನ್ನ ನಾದಿನಿಯಂತೂ ಆಗಸ್ಟಿನಲ್ಲಿ ಮಕ್ಕಳ ಬಟ್ಟೆ ಒಣಗಿಸುವುದಕ್ಕಾದರೂ ಮೈಸೂರಿಗೆ ಹೋಗೋಣ ಎನ್ನುತ್ತಾಳೆ. ನಿಮ್ಮ ಮಗ ಇನ್ನೂ ಶಿಶುವಿಹಾರದಲ್ಲಿದ್ದಾನೆ. ಸೋಮವಾರ ಒಂದು ದಿನ ತಪ್ಪಿದರೆ ಆಕಾಶ ಬೀಳುವುದಿಲ್ಲ.

ನೀರಿನ ವಿಷಯದಲ್ಲಿ ಮಾತ್ರ ನಾನು ಸ್ವಲ್ಪ ಕಟ್ಟುನಿಟ್ಟು. ಈ ವಯಸ್ಸಿನ ಮಕ್ಕಳು ಮೊಣಕಾಲುದ್ದದ ನೀರಿನಲ್ಲೂ ಮುಳುಗಬಲ್ಲರು, ಅದೂ ಕೂಗದೆ, ಕೈ ಬಡಿಯದೆ. ಒಂದು ಮಗುವಿಗೆ ಒಬ್ಬ ದೊಡ್ಡವರು, ಕೈಚಾಚಿದರೆ ಸಿಗುವಷ್ಟು ಹತ್ತಿರ, ಜೇಬಿನಲ್ಲಿ ಫೋನಿಲ್ಲದೆ. ‘ಇಬ್ಬರೂ ನೋಡಿಕೊಳ್ಳುತ್ತಿದ್ದೇವೆ’ ಎಂದರೆ ಯಾರೂ ನೋಡಿಕೊಳ್ಳುತ್ತಿಲ್ಲ ಎಂದೇ ಅರ್ಥ. ಮಗ ನಿಮ್ಮವರ ಪಾಲು, ಮಗಳು ನಿಮ್ಮ ಪಾಲು ಎಂದು ಬಾಯಿಬಿಟ್ಟು ಹೇಳಿಕೊಳ್ಳಿ. ಅಲೆಗಳ ಕೊಳಕ್ಕೆ ಇಬ್ಬರನ್ನೂ ಇಳಿಸಬೇಡಿ, ದಡದಲ್ಲಿ ನೊರೆ ಬಂದು ಪಾದ ತೊಳೆಯುವಷ್ಟು ಸಾಕು. ಗಾಳಿ ತುಂಬಿದ ಕೈಪಟ್ಟಿಯನ್ನು ನಂಬಿ ಬಿಡಬೇಡಿ, ಅದು ಆಟದ ಸಾಮಾನು. ಈಜುಡುಗೆ ಕೊಳ್ಳುವಾಗ ಕಿತ್ತಳೆ, ಕಡು ಹಳದಿ, ಗುಲಾಬಿ ಬಣ್ಣ ಆರಿಸಿ. ತಿಳಿ ನೀಲಿಯೂ ಬಿಳಿಯೂ ನೀರಿನಲ್ಲಿ ಕಾಣಿಸುವುದೇ ಇಲ್ಲ. ಹಾಸನದಲ್ಲೇ ಕೊಂಡುಕೊಂಡು ಹೋಗಿ. ನೀರಿಗೆ ಹತ್ತಿ ಬಟ್ಟೆ, ಸೀರೆ, ಚೂಡಿದಾರ್ ಬಿಡುವುದಿಲ್ಲ, ಒಳಗಿನ ಅಂಗಡಿಯಲ್ಲಿ ಬೆಲೆ ಅವರು ಹೇಳಿದ್ದು.

ಮಗಳಿಗೆ ಮಾಮೂಲಿ ಡೈಪರ್ ಹಾಕಿ ನೀರಿಗೆ ಇಳಿಸಿದರೆ ಅದು ನೀರು ಕುಡಿದು ಮೊಣಕಾಲಿಗೆ ಜೋತುಬೀಳುತ್ತದೆ. ಈಜುವಾಗ ಹಾಕುವ ಡೈಪರ್ ಬೇರೆ ಸಿಗುತ್ತದೆ. ಅದು ತಡೆಯುವುದು ಮಲವನ್ನಷ್ಟೇ, ಮೂತ್ರವನ್ನಲ್ಲ. ಕಾರಿನಲ್ಲಿ ಅದನ್ನೇ ಹಾಕಿ ಕೂರಿಸಿದರೆ ಸೀಟು ತೊಳೆಯುವ ಕೆಲಸ ನಿಮ್ಮದು.

ಊಟ: ಹೊರಗಿನ ತಿಂಡಿಯನ್ನು ಪಾರ್ಕಿನವರು ಸಾಮಾನ್ಯವಾಗಿ ಬಿಡುವುದಿಲ್ಲ, ಎಳೆಯ ಮಕ್ಕಳ ಆಹಾರಕ್ಕೆ ರಿಯಾಯಿತಿ ಕೊಡುವುದುಂಟು. ರಾಗಿ ಸರಿ ಪುಡಿ, ಫ್ಲಾಸ್ಕಿನಲ್ಲಿ ಬಿಸಿನೀರು, ಬಾಳೆಹಣ್ಣು ಇಟ್ಟುಕೊಂಡು ಗೇಟಿನಲ್ಲಿ ನಗುತ್ತಾ ಕೇಳಿ. ಕೆಲಸ ಆಗದಿದ್ದರೆ ಕಾರಿನಲ್ಲಿ ಇರಲಿ. ಓಆರ್‌ಎಸ್ ಪೊಟ್ಟಣ ಎರಡು. ದಾರಿಯಲ್ಲಿ ವಾಂತಿ ಮಾಡುವ ಸಂಭವ ಮಗಳಿಗಿಂತ ಮಗನಿಗೇ ಹೆಚ್ಚು. ಚಲಿಸುವ ವಾಹನದಲ್ಲಿ ಹೊಟ್ಟೆ ತೊಳಸುವ ತೊಂದರೆ ಎರಡು ವರ್ಷದೊಳಗಿನವರಲ್ಲಿ ಅಪರೂಪ, ಆಮೇಲೆ ಶುರುವಾಗಿ ಹನ್ನೆರಡರವರೆಗೂ ಕಾಡುತ್ತದೆ. ಅವನ ಕೈಗೆ ಮೊಬೈಲ್ ಕೊಡಬೇಡಿ, ಕಿಟಕಿಯಾಚೆ ನೋಡಿಸಿ.

ಅತ್ತೆಯವರನ್ನು ಚೀಲ ಕಾಯುವ ಕೆಲಸಕ್ಕೆ ಕರೆದೊಯ್ಯಬೇಡಿ. ಚೀಲಕ್ಕೆ ಲಾಕರ್ ಇದೆ. ಬೆಳಗ್ಗೆ ಅವರಿಗೆ ಪಾರ್ಕು ಬೇಡವೆನಿಸಿದರೆ ಆ ಟಿಕೆಟ್ಟಿನ ದುಡ್ಡಿನಲ್ಲಿ ರೂಮನ್ನು ಇನ್ನಷ್ಟು ಹೊತ್ತು ಉಳಿಸಿಕೊಳ್ಳಬಹುದೇ ಕೇಳಿ ನೋಡಿ. ಅಲ್ಲೇ ಆರಾಮವಾಗಿ ಮಲಗಿರುತ್ತಾರೆ, ಮಗಳು ಸುಸ್ತಾದರೆ ಅವಳನ್ನು ಬಿಟ್ಟುಬರಲೂ ಒಂದು ಜಾಗ. ರೂಮು ಪಾರ್ಕಿನ ಹತ್ತಿರವಿರಲಿ ಎಂದದ್ದು ಇದಕ್ಕೂ ಸೇರಿ. ಹೋದ ಕೂಡಲೇ ಬಾಲ್ಕನಿಯ ಕಂಬಿಗಳ ಸಂದು, ಕಿಟಕಿಯ ಚಿಲಕ, ಬಿಸಿನೀರಿನ ಕೆಟಲ್‌ನ ವೈರು ನೋಡಿಕೊಳ್ಳಿ. ಮಕ್ಕಳಿಗೆ ಹಾಸಿಗೆಯನ್ನು ನೆಲಕ್ಕೇ ಹಾಕಿಸಿ.

ಕಾರಿಲ್ಲದಿದ್ದರೂ ಇದೇ ಯೋಜನೆ ನಡೆಯುತ್ತದೆ. ಹಾಸನದಿಂದ ಮೈಸೂರಿಗೆ ರೈಲಿದೆ, ಐದು ವರ್ಷದೊಳಗಿನವರಿಗೆ ಟಿಕೆಟ್ ಇಲ್ಲ, ಮಗ ಬೋಗಿಯಲ್ಲಿ ಓಡಾಡಿಕೊಂಡಿರುತ್ತಾನೆ. ಸರ್ಕಾರಿ ಸಾಮಾನ್ಯ ಬಸ್ಸಾದರೆ ಶಕ್ತಿ ಯೋಜನೆಯಲ್ಲಿ ನಿಮಗೂ ಅತ್ತೆಯವರಿಗೂ ಉಚಿತ. ಟಿಕೆಟ್ ಕೊಳ್ಳಬೇಕಾದವರು ನಿಮ್ಮ ಯಜಮಾನರೊಬ್ಬರೇ.

ಇಷ್ಟೆಲ್ಲ ಓದಿಯೂ ಅವರು ಬಿಡದಿಯೇ ಎಂದರೆ, ಶನಿವಾರ, ಭಾನುವಾರ ಬಿಟ್ಟು ಹೋಗಿ. ಪಾರ್ಕಿಗೆ ಅಂಟಿಕೊಂಡೇ ಅವರದೇ ರೆಸಾರ್ಟ್ ಇದೆ, ದುಬಾರಿಯಾದರೂ ಅಲ್ಲೇ ತಂಗಿ; ನಿದ್ದೆಗೆ ರೂಮಿಗೆ ಬಂದು ಹೋಗಬಹುದು ಎಂಬುದೊಂದೇ ಅದರ ಸಮರ್ಥನೆ. ಮರುದಿನ ತಟ್ಟೆ ಇಡ್ಲಿ ತಿಂದು ಚನ್ನಪಟ್ಟಣಕ್ಕೆ ಹೋಗಿ ಮಕ್ಕಳಿಗೆ ಅರಗಿನ ಬಣ್ಣದ ಮರದ ಬುಗುರಿ ಕೊಡಿಸಿ. 2023ರಲ್ಲಿ ಉದ್ಘಾಟನೆಯಾದ ಹೆದ್ದಾರಿ ಬಿಡದಿ, ಚನ್ನಪಟ್ಟಣ ಎರಡನ್ನೂ ಹೊರಗಿನಿಂದಲೇ ದಾಟಿಸಿಬಿಡುತ್ತದೆ, ಆದ್ದರಿಂದ ಹಳೆಯ ರಸ್ತೆ ಹಿಡಿಯಿರಿ.

ಕೊನೆಯಲ್ಲಿ ಕೇಳಿದ್ದೀರಿ, ಮಗನಿಗೆ ಎಷ್ಟು ದಿನ ಮುಂಚೆ ಹೇಳಬೇಕು ಎಂದು. ಶನಿವಾರ ರಾತ್ರಿ, ಊಟವಾದ ಮೇಲೆ. ಅದಕ್ಕಿಂತ ಮುಂಚೆ ಹೇಳಿದರೆ ಪ್ರತಿದಿನ ಬೆಳಗ್ಗೆ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಿರುತ್ತಾನೆ, ಅಜ್ಜಿಗೂ ಹೇಳಬೇಡಿ, ಅವರು ಹೇಳಿಬಿಡುತ್ತಾರೆ.