ಮುಧೋಳ ನಾಯಿ ಮೂಸಿ ಹುಡುಕುವುದೇ?

ಪ್ರಶ್ನೆ: ನಿವೃತ್ತ ಶಿಕ್ಷಕಿಯೊಬ್ಬರು ತಮ್ಮ ಮುಧೋಳ ನಾಯಿಯೊಂದಿಗೆ ರೇಷ್ಮೆಗೂಡಿನ ಕಳವು ಪತ್ತೆ ಹಚ್ಚುವ ಕಾದಂಬರಿ ಬರೆಯುತ್ತಿದ್ದೇನೆ. ನಾಯಿ ವಾಸನೆ ಹಿಡಿದು ಕಳ್ಳನ ಮನೆ ತಲುಪುತ್ತದೆ. ಇದು ನಂಬುವಂತಿದೆಯೇ?
– ಓದುಗರೊಬ್ಬರು, ಶಿಡ್ಲಘಟ್ಟ

ಉತ್ತರ: ಇಲ್ಲ ತಾಯಿ. ಮುಧೋಳ ಕಣ್ಣಿನಿಂದ ಬೇಟೆಯಾಡುವ ತಳಿ. ದೂರದಲ್ಲಿ ಏನಾದರೂ ಅಲುಗಿದರೆ ಸಾಕು, ಬಾಣದಂತೆ ಓಡುತ್ತದೆ. ಹಾಗಾಗಿ ನಾಯಿಯನ್ನು ಉಳಿಸಿಕೊಂಡು ಸುಳಿವನ್ನು ಬದಲಿಸಿ: ನಸುಕಿನ ಮಬ್ಬಿನಲ್ಲಿ ಹಿಪ್ಪುನೇರಳೆ ಸಾಲುಗಳ ನಡುವೆ ಚಂದ್ರಿಕೆ (ಹುಳು ಗೂಡು ಕಟ್ಟುವ ಬಿದಿರಿನ ತಟ್ಟೆ) ಹೊತ್ತು ಜಾರುವ ನೆರಳನ್ನು ಅದು ಮೊದಲು ಕಾಣಲಿ. ಇನ್ನು, ಅವಸರ ನಿಮ್ಮ ಕಥೆಯೊಳಗೇ ಇದೆ, ನೀವದನ್ನು ಬಳಸಿಯೇ ಇಲ್ಲ! ಗೂಡನ್ನು ಒಣಗಿಸದೆ ಇಟ್ಟರೆ ಕೆಲವೇ ದಿನಗಳಲ್ಲಿ ಚಿಟ್ಟೆ ಅದನ್ನು ತೂತು ಮಾಡಿಕೊಂಡು ಹೊರಬರುತ್ತದೆ; ಆಮೇಲೆ ನೂಲು ಬಿಚ್ಚಲಾಗದು. ಕಳ್ಳ ಬೇಗ ಮಾರಲೇಬೇಕು. ಶಿಕ್ಷಕಿಯನ್ನು ಹರಾಜಿನ ದಿನ ಗೂಡಿನ ಮಾರುಕಟ್ಟೆಯ ಬಾಗಿಲಲ್ಲಿ ನಿಲ್ಲಿಸಿ, ನಾಯಿಯ ಹಗ್ಗ ಕೈಯಲ್ಲಿರಲಿ.